ಸೈನ್ಯವಿಲ್ಲದ ಕಾನೂನು ತರಗತಿಯಲ್ಲಿ ಬೆಳೆದ ಕಥೆ

1962ರ ಕೊನೆಯಲ್ಲಿ ಇಟಲಿ ಸರ್ಕಾರ ದೇಶದ ವಿದ್ಯುತ್ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿ 'ಎನೆಲ್' ಎಂಬ ಒಂದೇ ಸಂಸ್ಥೆಯ ಕೈಗೆ ಒಪ್ಪಿಸಿತು. ಮಿಲಾನ್ ನಗರದ ವಕೀಲ ಫ್ಲಾಮಿನಿಯೊ ಕೋಸ್ಟಾ ಅವರಿಗೆ ಇದು ಹಿಡಿಸಲಿಲ್ಲ. ರಾಷ್ಟ್ರೀಕರಣಗೊಂಡ ಕಂಪನಿಯೊಂದರಲ್ಲಿ ಅವರು ಷೇರುದಾರರು. ಪ್ರತಿಭಟನೆ ಎಂಬಂತೆ ಅವರು ಎನೆಲ್ ಕಳಿಸಿದ ಕರೆಂಟ್ ಬಿಲ್ಲನ್ನು ಕಟ್ಟಲಿಲ್ಲ. ಬಿಲ್ಲಿನ ಮೊತ್ತ ಎರಡು ಸಾವಿರ ಲೀರಾ ಕೂಡ ಇರಲಿಲ್ಲ. ಪ್ರಕರಣ ಮಿಲಾನಿನ ಅತ್ಯಂತ ಕೆಳಹಂತದ ನ್ಯಾಯಾಲಯಕ್ಕೆ, ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರ್ಮಾನಿಸುವ ನ್ಯಾಯಾಧೀಶರ ಮುಂದೆ ಬಂತು.

ಕೋಸ್ಟಾ ಅವರ ವಾದ ಮಾತ್ರ ಸಣ್ಣದಾಗಿರಲಿಲ್ಲ. ಇಟಲಿ ಸೇರಿದಂತೆ ಆರು ದೇಶಗಳು 1957ರಲ್ಲಿ ಸಹಿ ಹಾಕಿದ್ದ ರೋಮ್ ಒಪ್ಪಂದಕ್ಕೆ ಈ ರಾಷ್ಟ್ರೀಕರಣ ಕಾಯಿದೆ ವಿರುದ್ಧವಾಗಿದೆ, ಆದ್ದರಿಂದ ಅದು ನನಗೆ ಅನ್ವಯಿಸದು ಎಂಬುದು ಅವರ ನಿಲುವು. ದೇಶದ ಸಂಸತ್ತು ಮಾಡಿದ ಕಾಯಿದೆಯನ್ನು ಬದಿಗಿಡುವಷ್ಟು ಶಕ್ತಿ ಆ ಒಪ್ಪಂದಕ್ಕೆ ಇದೆಯೇ? ನ್ಯಾಯಾಧೀಶರು ಈ ಪ್ರಶ್ನೆಯನ್ನು ಲಕ್ಸೆಂಬರ್ಗ್‌ನಲ್ಲಿದ್ದ ಯುರೋಪಿಯನ್ ಸಮುದಾಯದ ನ್ಯಾಯಾಲಯಕ್ಕೆ ಕಳಿಸಿದರು. 1964ರ ಜುಲೈ 15ರಂದು ಉತ್ತರ ಬಂತು: ಒಪ್ಪಂದದಿಂದ ಹುಟ್ಟಿದ ಕಾನೂನೇ ಮೇಲು, ಅನಂತರ ಬಂದ ದೇಶೀಯ ಕಾಯಿದೆ ಅದನ್ನು ಮೀರುವಂತಿಲ್ಲ.

ಯುರೋಪಿನಲ್ಲಿ ಕಾನೂನು ಓದಲು ಸೇರುವ ವಿದ್ಯಾರ್ಥಿ ಓದಲೇಬೇಕಾದ ತೀರ್ಪುಗಳಲ್ಲಿ ಇದು ಒಂದು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಆತ ಎರಡು ಕಾನೂನುಗಳನ್ನು ಜೊತೆಜೊತೆಯಾಗಿ ಕಲಿಯುತ್ತಾನೆ. ಒಂದು ತನ್ನ ದೇಶದ ಸಂವಿಧಾನ, ಸಿವಿಲ್ ಸಂಹಿತೆ, ದಂಡ ಸಂಹಿತೆ. ಇನ್ನೊಂದು ಅದರ ಮೇಲೆ ನಿಂತಿರುವ ರಾಷ್ಟ್ರಾತೀತ ಕಾನೂನು. ಈ ಎರಡನೆಯದು ಇತ್ತೀಚಿನ ಆವಿಷ್ಕಾರ ಎಂದು ಅನಿಸುವುದು ಸಹಜ. ಆದರೆ ಇತಿಹಾಸ ಹೇಳುವುದೇ ಬೇರೆ.

ಅಂತರರಾಷ್ಟ್ರೀಯ ಬೇರೆ, ರಾಷ್ಟ್ರಾತೀತ ಬೇರೆ

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳಬೇಕು. ಅಂತರರಾಷ್ಟ್ರೀಯ ಕಾನೂನು ಎಂಬುದು ದೇಶ ದೇಶಗಳ ನಡುವಿನ ವ್ಯವಹಾರ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಕುಲಭೂಷಣ್ ಜಾಧವ್ ಪ್ರಕರಣದ ತೀರ್ಪು 2019ರಲ್ಲಿ ಬಂದುದು ಓದುಗರಿಗೆ ನೆನಪಿರಬಹುದು. ಅಲ್ಲಿ ವಾದಿ ಜಾಧವ್ ಅಲ್ಲ, ಭಾರತ ಸರ್ಕಾರ. ಪ್ರತಿವಾದಿ ಪಾಕಿಸ್ತಾನ ಸರ್ಕಾರ. ವ್ಯಕ್ತಿಗೆ ಆ ನ್ಯಾಯಾಲಯದ ಬಾಗಿಲು ತೆರೆಯುವುದಿಲ್ಲ. ನಮ್ಮಲ್ಲಿ ವಿದೇಶಿ ಒಪ್ಪಂದವೊಂದನ್ನು ಕಾನೂನಾಗಿ ಜಾರಿಗೆ ತರಬೇಕಾದರೆ ಸಂವಿಧಾನದ 253ನೇ ವಿಧಿಯಡಿ ಸಂಸತ್ತು ಕಾಯಿದೆ ಮಾಡಬಹುದು. ಬರೀ ಸಹಿ ಬಿದ್ದ ಮಾತ್ರಕ್ಕೆ ಒಪ್ಪಂದ ಕಾಯಿದೆಯನ್ನು ರದ್ದುಮಾಡದು.

ರಾಷ್ಟ್ರಾತೀತ ಕಾನೂನು ಹಾಗಲ್ಲ. ಅದು ಸರ್ಕಾರಗಳನ್ನು ದಾಟಿ ನೇರವಾಗಿ ಪ್ರಜೆಯನ್ನು ತಲುಪುತ್ತದೆ. ಪ್ರಜೆ ತನ್ನ ಊರಿನ ಕೋರ್ಟಿನಲ್ಲೇ ಅದನ್ನು ಮುಂದಿಟ್ಟುಕೊಂಡು ಸ್ವಂತ ಸರ್ಕಾರದ ವಿರುದ್ಧ ವಾದಿಸಬಹುದು. ಕೇಂದ್ರ ಮತ್ತು ರಾಜ್ಯದ ಕಾಯಿದೆಗಳು ಸಮವರ್ತಿ ಪಟ್ಟಿಯ ವಿಷಯವೊಂದರಲ್ಲಿ ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಕೇಂದ್ರದ್ದೇ ನಿಲ್ಲುತ್ತದೆ ಎಂಬ ನಮ್ಮ 254ನೇ ವಿಧಿಯನ್ನು ಇದಕ್ಕೆ ಹೋಲಿಸಬಹುದು. ಆದರೆ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ. ನಮ್ಮಲ್ಲಿ ಎರಡರ ಮೇಲೂ ಒಂದು ಸಂವಿಧಾನವಿದೆ, ಕೇಂದ್ರಕ್ಕೆ ಪೊಲೀಸರಿದ್ದಾರೆ, ಸೈನ್ಯವಿದೆ. ಲಕ್ಸೆಂಬರ್ಗ್ ನ್ಯಾಯಾಲಯಕ್ಕೆ ಇದಾವುದೂ ಇಲ್ಲ. ಹಾಗಿದ್ದೂ ಅದರ ಮಾತು ನಡೆಯುವುದು ಹೇಗೆ? ಉತ್ತರ ಹುಡುಕಲು ಒಂಬತ್ತು ಶತಮಾನ ಹಿಂದಕ್ಕೆ, ಅದೇ ಇಟಲಿಯ ಇನ್ನೊಂದು ನಗರಕ್ಕೆ ಹೋಗಬೇಕು.

ಬೊಲೊನ್ಯಾದ ಪಾಠ

ಉತ್ತರ ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯ ಪಾಶ್ಚಾತ್ಯ ಜಗತ್ತಿನ ಅತ್ಯಂತ ಹಳೆಯ ವಿಶ್ವವಿದ್ಯಾಲಯ ಎಂದು ಹೆಸರಾಗಿದೆ. ಅದರ ಸ್ಥಾಪನೆಯ ವರ್ಷ 1088 ಎನ್ನುವುದು ವಾಡಿಕೆ. ಅದನ್ನು ಯಾವ ರಾಜನೂ ಸ್ಥಾಪಿಸಲಿಲ್ಲ. ಕಾನೂನು ಕಲಿಯಲು ಬಂದ ವಿದ್ಯಾರ್ಥಿಗಳು ಮತ್ತು ಕಲಿಸಲು ಕೂತ ಗುರುಗಳಿಂದ ಅದು ತಾನಾಗಿಯೇ ಬೆಳೆಯಿತು. ಮೊದಲ ಹೆಸರಾಂತ ಗುರು ಇರ್ನೇರಿಯಸ್.

ಅವರು ಕಲಿಸಿದ್ದು ಬೊಲೊನ್ಯಾ ನಗರದ ಕಾನೂನನ್ನಲ್ಲ. ಆರನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕುಳಿತ ಚಕ್ರವರ್ತಿ ಜಸ್ಟಿನಿಯನ್ ಮಾಡಿಸಿದ ರೋಮನ್ ಕಾನೂನಿನ ಸಂಗ್ರಹವನ್ನು. ಆ ವೇಳೆಗೆ ಪಶ್ಚಿಮದ ರೋಮನ್ ಸಾಮ್ರಾಜ್ಯ ಅಳಿದು ಆರು ಶತಮಾನಗಳಾಗಿದ್ದವು. ಅದರ ಕಾನೂನನ್ನು ಜಾರಿಗೊಳಿಸುವ ಅಧಿಕಾರಿಯಾಗಲೀ ಸೈನಿಕನಾಗಲೀ ಉಳಿದಿರಲಿಲ್ಲ. ಉಳಿದದ್ದು ಪುಸ್ತಕ ಮಾತ್ರ. ಗುರುಗಳು ಅದರ ಸಾಲುಸಾಲಿಗೂ ಟಿಪ್ಪಣಿ ಬರೆದರು. 13ನೇ ಶತಮಾನದಲ್ಲಿ ಅಕರ್ಸಿಯಸ್ ಎಂಬ ಪಂಡಿತ ಇವನ್ನೆಲ್ಲ ಒಂದೆಡೆ ಸೇರಿಸಿದ. ಅದರ ಪಕ್ಕದಲ್ಲೇ ಚರ್ಚಿನ ಕಾನೂನಿನ ಅಧ್ಯಯನವೂ ಬೆಳೆಯಿತು. ಸುಮಾರು 1140ರಲ್ಲಿ ಗ್ರೇಷಿಯನ್ ಸಿದ್ಧಪಡಿಸಿದ ಸಂಗ್ರಹ ಅದಕ್ಕೆ ಆಧಾರವಾಯಿತು. ಎರಡನ್ನೂ ಮುಗಿಸಿದವನಿಗೆ 'ಎರಡೂ ಕಾನೂನುಗಳ ಪಂಡಿತ' ಎಂಬ ಪದವಿ ಸಿಗುತ್ತಿತ್ತು.

ಜರ್ಮನಿ, ಫ್ರಾನ್ಸ್, ಸ್ಪೇನ್, ಇಂಗ್ಲೆಂಡುಗಳಿಂದ ಆಲ್ಪ್ಸ್ ಪರ್ವತ ದಾಟಿ ವಿದ್ಯಾರ್ಥಿಗಳು ಬಂದರು. ಪರಸ್ಥಳದವರಾದ್ದರಿಂದ ಅವರಿಗೆ ನಗರದಲ್ಲಿ ರಕ್ಷಣೆ ಇರಲಿಲ್ಲ. ಜರ್ಮನ್ ವ್ಯಾಪಾರಿಯೊಬ್ಬ ಸಾಲ ತೀರಿಸದೆ ಓಡಿಹೋದರೆ ಕೈಗೆ ಸಿಕ್ಕ ಜರ್ಮನ್ ವಿದ್ಯಾರ್ಥಿಯಿಂದ ವಸೂಲಿ ಮಾಡುವ ಪದ್ಧತಿ ಇದ್ದ ಕಾಲ ಅದು. 12ನೇ ಶತಮಾನದ ನಡುಭಾಗದಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ವಿದ್ಯೆಗಾಗಿ ಪ್ರಯಾಣ ಮಾಡುವವರಿಗೆ ರಕ್ಷಣೆ ನೀಡಿ ಶಾಸನ ಹೊರಡಿಸಿದ. ಇನ್ನೊಬ್ಬರ ಸಾಲಕ್ಕೆ ವಿದ್ಯಾರ್ಥಿಯನ್ನು ಹಿಡಿಯಕೂಡದು. ಅವನ ಮೇಲೆ ದಾವೆ ಬಂದರೆ ಗುರುವಿನ ಮುಂದೆಯೋ ಬಿಷಪ್ಪರ ಮುಂದೆಯೋ ವಿಚಾರಣೆ ಆಗಲಿ ಎಂದು ಆರಿಸಿಕೊಳ್ಳುವ ಹಕ್ಕು ಅವನದು. ವಿದ್ಯಾರ್ಥಿಗಳು ತಾವೇ ಸಂಘ ಕಟ್ಟಿಕೊಂಡು ತಮ್ಮ ಮುಖ್ಯಸ್ಥನನ್ನು ಆರಿಸಿಕೊಳ್ಳುತ್ತಿದ್ದರು. ಪಾಠಕ್ಕೆ ತಡವಾಗಿ ಬಂದ ಗುರುವಿಗೆ ದಂಡ ಹಾಕುವಷ್ಟು ಆ ಸಂಘಗಳು ಬಲವಾಗಿದ್ದವು!

ಈ ವಿದ್ಯಾರ್ಥಿಗಳು ಊರಿಗೆ ಮರಳಿ ನ್ಯಾಯಾಧೀಶರಾದರು, ರಾಜರ ಸಲಹೆಗಾರರಾದರು, ಬಿಷಪ್ಪರಾದರು. ತಮ್ಮ ಊರಿನ ಕಟ್ಟಳೆಯಲ್ಲಿ ಉತ್ತರ ಸಿಗದಾಗ ಬೊಲೊನ್ಯಾದಲ್ಲಿ ಕಲಿತ ಪುಸ್ತಕವನ್ನು ತೆರೆದರು. ಹೀಗೆ ಯುರೋಪಿನ ಬಹುಭಾಗಕ್ಕೆ 'ಸಾಮಾನ್ಯ ಕಾನೂನು' ಎಂಬುದು ಹುಟ್ಟಿಕೊಂಡಿತು. ಗಮನಿಸಬೇಕಾದ ಸಂಗತಿ ಎಂದರೆ ಆಗ ಊರಿನ ಕಟ್ಟಳೆಗೇ ಮೊದಲ ಮಾನ್ಯತೆ. ಸಾಮಾನ್ಯ ಕಾನೂನು ಬಿಟ್ಟ ಜಾಗವನ್ನು ತುಂಬುತ್ತಿತ್ತು. 1964ರ ಲಕ್ಸೆಂಬರ್ಗ್ ತೀರ್ಪು ಈ ಕ್ರಮವನ್ನು ತಲೆಕೆಳಗು ಮಾಡಿತು ಎನ್ನಬಹುದು.

ಇರ್ನೇರಿಯಸ್ ಬೊಲೊನ್ಯಾದಲ್ಲಿ ಪಾಠ ಹೇಳುತ್ತಿದ್ದ ಕಾಲಕ್ಕೇ ನಮ್ಮ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆಯುತ್ತಿದ್ದ. ಚಾಲುಕ್ಯರ ಗಡಿ ನರ್ಮದೆಯ ಆಚೆಗೆ ದೂರ ಹೋಗಲಿಲ್ಲ, ಮಿತಾಕ್ಷರ ಹೋಯಿತು. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಹೆಚ್ಚಿನ ಭಾಗದಲ್ಲಿ ಆಸ್ತಿ ಹಂಚಿಕೆಗೆ ಅದೇ ಪ್ರಮಾಣವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೂ ಅದರ ಹೆಸರಿದೆ. ಬೊಲೊನ್ಯಾಕ್ಕೂ ಕಲ್ಯಾಣಕ್ಕೂ ಸಂಪರ್ಕವಿತ್ತೆಂದು ಇದರ ಅರ್ಥವಲ್ಲ. ದೊರೆಯ ಕತ್ತಿ ತಲುಪದ ಕಡೆಗೂ ಓದಿದವರ ಮೂಲಕ ಕಾನೂನು ತಲುಪಬಲ್ಲದು ಎಂಬುದಕ್ಕೆ ಎರಡೂ ಸಾಕ್ಷಿ.

ದೇಶಕ್ಕೊಂದು ಕಾನೂನು

ಮುಂದೆ ರಾಜರು ಬಲಗೊಂಡಂತೆ ತರಗತಿಯ ಪಾಠವೂ ಬದಲಾಯಿತು. ಫ್ರಾನ್ಸಿನಲ್ಲಿ ಹದಿನಾಲ್ಕನೇ ಲೂಯಿ 1679ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್ ಕಾನೂನನ್ನೂ ಕಲಿಸಬೇಕೆಂದು ಆಜ್ಞೆ ಮಾಡಿದ. ಅದುವರೆಗೆ ಫ್ರಾನ್ಸಿನ ಕಾನೂನು ವಿದ್ಯಾರ್ಥಿ ಫ್ರಾನ್ಸಿನ ಕಾನೂನನ್ನು ಬಿಟ್ಟು ಬೇರೆಲ್ಲವನ್ನೂ ಓದುತ್ತಿದ್ದ! ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲೂ ಇದೇ ಸ್ಥಿತಿ. ಇಂಗ್ಲಿಷ್ ಕಾನೂನನ್ನು ಕಲಿಯಬೇಕಾದವರು ಲಂಡನ್ನಿನ ವಕೀಲರ ವಸತಿಸಂಸ್ಥೆಗಳಿಗೆ ಹೋಗಬೇಕಿತ್ತು. ಆಕ್ಸ್‌ಫರ್ಡ್‌ನಲ್ಲಿ ವಿಲಿಯಂ ಬ್ಲ್ಯಾಕ್‌ಸ್ಟನ್ ಇಂಗ್ಲಿಷ್ ಕಾನೂನಿನ ಉಪನ್ಯಾಸ ಆರಂಭಿಸಿದ್ದು 1753ರಲ್ಲಿ.

1804ರಲ್ಲಿ ನೆಪೋಲಿಯನ್ನನ ಸಿವಿಲ್ ಸಂಹಿತೆ ಬಂತು. 1812ರಲ್ಲಿ ಆಸ್ಟ್ರಿಯಾ, 1866ರಲ್ಲಿ ಏಕೀಕೃತ ಇಟಲಿ, 1900ರಲ್ಲಿ ಜರ್ಮನಿ ತಮ್ಮ ತಮ್ಮ ಸಂಹಿತೆಗಳನ್ನು ಜಾರಿಗೆ ತಂದವು. ಇದರಿಂದ ಲಾಭವಿಲ್ಲದೆ ಇರಲಿಲ್ಲ. ಕಾನೂನು ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂತು. ಕುಲೀನನಿಗೂ ರೈತನಿಗೂ ಒಂದೇ ಸಂಹಿತೆ ಎಂಬ ಮಾತು ಬಂತು. ನಷ್ಟವೂ ಆಯಿತು. ಗಡಿ ದಾಟಿದರೆ ಪದವಿಗೆ ಬೆಲೆ ಇಲ್ಲ. ಸಂಸತ್ತು ಮಾಡಿದ್ದೇ ಕಾನೂನು, ಅದಕ್ಕೆ ಮೇಲೆ ಏನೂ ಇಲ್ಲ ಎಂಬ ನಂಬಿಕೆ ತರಗತಿಗಳಲ್ಲಿ ಬೇರೂರಿತು. ಹಿಟ್ಲರನ ಜರ್ಮನಿಯಲ್ಲಿ 1935ರ ನ್ಯೂರೆಂಬರ್ಗ್ ಕಾಯಿದೆಗಳು ಯಹೂದಿಗಳ ಪೌರತ್ವದ ಹಕ್ಕನ್ನು ಕಿತ್ತುಕೊಂಡಾಗ ಅವುಗಳನ್ನು ಜಾರಿಗೊಳಿಸಿದವರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಚೆನ್ನಾಗಿ ಕಾನೂನು ಓದಿದ್ದ ನ್ಯಾಯಾಧೀಶರೂ ಅಧಿಕಾರಿಗಳೂ ಇದ್ದರು. ದೇಶದ ಕಾನೂನಿಗೆ ಮೇಲೊಂದು ಅಂಕುಶ ಬೇಕೆಂಬ ಮಾತು ಯುದ್ಧಾನಂತರ ಯುರೋಪಿನಲ್ಲಿ ಬರಿಯ ಸಿದ್ಧಾಂತವಾಗಿ ಉಳಿಯಲಿಲ್ಲ.

ಕಲ್ಲಿದ್ದಲಿನಿಂದ ಆರಂಭ

1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮಾನ್ ಒಂದು ಪ್ರಸ್ತಾಪ ಮುಂದಿಟ್ಟರು. ಯುದ್ಧ ಸಾಮಗ್ರಿಗೆ ಬೇಕಾದ ಕಲ್ಲಿದ್ದಲು ಮತ್ತು ಉಕ್ಕನ್ನು ಫ್ರಾನ್ಸ್ ಹಾಗೂ ಜರ್ಮನಿ ಒಂದು ಸಮಾನ ಪ್ರಾಧಿಕಾರದ ಕೈಗೆ ಒಪ್ಪಿಸಲಿ, ಉಳಿದ ದೇಶಗಳೂ ಸೇರಬಹುದು ಎಂಬುದು ಅದರ ಸಾರ. 1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಪ್ಯಾರಿಸ್ಸಿನಲ್ಲಿ ಸಹಿ ಹಾಕಿದವು. ಆ ಒಪ್ಪಂದದ 9ನೇ ವಿಧಿಯಲ್ಲಿ 'ರಾಷ್ಟ್ರಾತೀತ' ಎಂಬ ಪದವೇ ಇತ್ತು. ಆರು ವರ್ಷಗಳ ಮೇಲೆ ಬಂದ ರೋಮ್ ಒಪ್ಪಂದದಲ್ಲಿ ಆ ಪದ ಕಾಣುವುದಿಲ್ಲ. ಪದ ಬಿಟ್ಟುಹೋಯಿತು, ವಸ್ತು ಉಳಿಯಿತು. ಅದನ್ನು ಉಳಿಸಿದ್ದು ನ್ಯಾಯಾಲಯ.

ಮೊದಲ ಹೆಜ್ಜೆ ಕೋಸ್ಟಾ ಪ್ರಕರಣಕ್ಕಿಂತ ಒಂದು ವರ್ಷ ಮುಂಚೆಯೇ ಬಿದ್ದಿತ್ತು. ವಾನ್ ಗೆಂಡ್ ಎನ್ ಲೋಸ್ ಎಂಬ ಡಚ್ ಸಾಗಣೆ ಕಂಪನಿ 1960ರಲ್ಲಿ ಪಶ್ಚಿಮ ಜರ್ಮನಿಯಿಂದ ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ತರಿಸಿತು. ರೋಮ್ ಒಪ್ಪಂದ ಜಾರಿಗೆ ಬಂದಾಗ ಅದರ ಮೇಲೆ ಇದ್ದ ಆಮದು ಸುಂಕ ಶೇ 3. ಕಂಪನಿಯಿಂದ ವಸೂಲು ಮಾಡಿದ್ದು ಶೇ 8. ಸುಂಕ ಹೆಚ್ಚಿಸಕೂಡದೆಂದು ಒಪ್ಪಂದದ 12ನೇ ವಿಧಿ ಹೇಳುತ್ತದಲ್ಲ ಎಂದು ಕಂಪನಿ ಕೇಳಿತು. ಒಪ್ಪಂದ ಮಾಡಿಕೊಂಡಿರುವುದು ಸರ್ಕಾರಗಳು, ಅದನ್ನು ಕೇಳಲು ನೀವು ಯಾರು ಎಂಬುದು ಡಚ್ ಸರ್ಕಾರದ ಧೋರಣೆ. 1963ರ ಫೆಬ್ರುವರಿ 5ರಂದು ಲಕ್ಸೆಂಬರ್ಗ್ ನ್ಯಾಯಾಲಯ ಕಂಪನಿಯ ಪರ ನಿಂತಿತು. ಈ ಒಪ್ಪಂದ ಸರ್ಕಾರಗಳನ್ನಷ್ಟೇ ಅಲ್ಲ, ಜನರನ್ನೂ ಒಳಗೊಂಡಿದೆ. ಸ್ಪಷ್ಟವಾದ ವಿಧಿಯನ್ನು ಪ್ರಜೆ ತನ್ನ ದೇಶದ ಕೋರ್ಟಿನಲ್ಲೇ ಉಪಯೋಗಿಸಬಹುದು ಎಂದಿತು. ಇದು 'ನೇರ ಪರಿಣಾಮ' ತತ್ವ. ಮರುವರ್ಷ ಕೋಸ್ಟಾ ಪ್ರಕರಣದಲ್ಲಿ ಬಂದದ್ದು 'ಪ್ರಾಧಾನ್ಯ' ತತ್ವ. ಪ್ರತಿ ದೇಶವೂ ತನಗೆ ಬೇಕಾದಾಗ ಹೊಸ ಕಾಯಿದೆ ಮಾಡಿ ಒಪ್ಪಂದವನ್ನು ಮೀರುವಂತಿದ್ದರೆ ಒಂದೇ ಕಾನೂನು ಆರು ದೇಶಗಳಲ್ಲಿ ಆರು ರೀತಿ ಆಗುತ್ತದೆ, ಆಗ ಒಪ್ಪಂದಕ್ಕೆ ಅರ್ಥವೇನು ಎಂಬುದು ಅದರ ಹಿಂದಿನ ತರ್ಕ. ಅಂದಹಾಗೆ, ಈ ತೀರ್ಪಿನಿಂದ ಎನೆಲ್ ರಾಷ್ಟ್ರೀಕರಣವೇನೂ ಬಿದ್ದುಹೋಗಲಿಲ್ಲ!

ಈ ಎರಡು ತತ್ವಗಳ ಜೊತೆ ವಿದ್ಯಾರ್ಥಿ ಕಲಿಯುವ ಮೂರನೆಯದು ಪ್ರಶ್ನೆ ಒಪ್ಪಿಸುವ ವಿಧಾನ. ಯಾವುದೇ ಸದಸ್ಯ ದೇಶದ ಎಷ್ಟೇ ಚಿಕ್ಕ ನ್ಯಾಯಾಲಯವೂ ಐರೋಪ್ಯ ಕಾನೂನಿನ ಬಗ್ಗೆ ಸಂಶಯ ಬಂದರೆ ನೇರವಾಗಿ ಲಕ್ಸೆಂಬರ್ಗ್‌ಗೆ ಬರೆದು ಕೇಳಬಹುದು. ಸುಪ್ರೀಂ ಕೋರ್ಟಿನ ಅಪ್ಪಣೆ ಬೇಕಿಲ್ಲ. ಉತ್ತರ ಬಂದ ಮೇಲೆ ತೀರ್ಪು ಕೊಡುವವರು ಅದೇ ಚಿಕ್ಕ ನ್ಯಾಯಾಧೀಶರು. ಲಕ್ಸೆಂಬರ್ಗ್‌ಗೆ ಪೊಲೀಸರು ಬೇಕಾಗದಿರುವುದು ಇದರಿಂದಲೇ. ದೇಶದ ಸ್ವಂತ ನ್ಯಾಯಾಧೀಶರ ತೀರ್ಪನ್ನು ಸರ್ಕಾರ ತಳ್ಳಿಹಾಕುವುದು ಸುಲಭವಲ್ಲ. ಆದರೆ ಅವರು ಪ್ರಶ್ನೆ ಕೇಳಬೇಕಾದರೆ ಕೇಳಬಹುದೆಂದು ಗೊತ್ತಿರಬೇಕು. ಅದು ಗೊತ್ತಾಗುವುದು ವಿಶ್ವವಿದ್ಯಾಲಯದಲ್ಲಿ.

ಗಗನಸಖಿಯ ಸಂಬಳ

ತರಗತಿಗೂ ಕೋರ್ಟಿಗೂ ಇರುವ ಈ ನಂಟನ್ನು ತೋರಿಸಲು ಬೆಲ್ಜಿಯಂನ ಒಂದು ಪ್ರಕರಣ ಸಾಕು. ಗಂಡಸರಿಗೂ ಹೆಂಗಸರಿಗೂ ಒಂದೇ ಕೆಲಸಕ್ಕೆ ಒಂದೇ ವೇತನ ಎಂದು ರೋಮ್ ಒಪ್ಪಂದದ 119ನೇ ವಿಧಿ 1957ರಲ್ಲೇ ಹೇಳಿತ್ತು. ಸರ್ಕಾರಗಳು ಅದನ್ನು ಕಡತದಲ್ಲೇ ಇಟ್ಟಿದ್ದವು. 1966ರಲ್ಲಿ ಬೆಲ್ಜಿಯಂನ ಹೆರ್‌ಸ್ಟಾಲ್ ಶಸ್ತ್ರ ಕಾರ್ಖಾನೆಯ ಮಹಿಳಾ ಕಾರ್ಮಿಕರು ಸಮಾನ ವೇತನಕ್ಕಾಗಿ ವಾರಗಟ್ಟಲೆ ಮುಷ್ಕರ ಹೂಡಿದರು. ಬ್ರಸೆಲ್ಸ್‌ನಲ್ಲಿ ಕಾನೂನು ಪ್ರಾಧ್ಯಾಪಕಿಯೂ ವಕೀಲರೂ ಆಗಿದ್ದ ಎಲಿಯಾನ್ ವೋಗೆಲ್-ಪೋಲ್ಸ್ಕಿ ಅವರು 119ನೇ ವಿಧಿಯನ್ನು ಕೋರ್ಟಿನಲ್ಲಿ ನೇರವಾಗಿ ಉಪಯೋಗಿಸಬಹುದೆಂದು ಬರೆದರು, ವಾದಿಸಿದರು. ಪರೀಕ್ಷಿಸಲು ಒಂದು ಪ್ರಕರಣ ಬೇಕಿತ್ತು.

ಗೇಬ್ರಿಯಲ್ ಡೆಫ್ರೆನ್ ಸಬೀನಾ ವಿಮಾನ ಕಂಪನಿಯಲ್ಲಿ ಗಗನಸಖಿ. ಅದೇ ಕೆಲಸ ಮಾಡುವ ಗಂಡಸರಿಗಿಂತ ಆಕೆಯ ಸಂಬಳ ಕಡಿಮೆ. 40 ತುಂಬಿದ ಕೂಡಲೇ, 1968ರಲ್ಲಿ, ಆಕೆ ಕೆಲಸ ಬಿಡಬೇಕಾಯಿತು. ಗಂಡಸರಿಗೆ ಆ ನಿಯಮ ಇರಲಿಲ್ಲ. 1976ರ ಏಪ್ರಿಲ್ 8ರಂದು ಲಕ್ಸೆಂಬರ್ಗ್ ನ್ಯಾಯಾಲಯ ವೇತನದ ಮಟ್ಟಿಗೆ ಆಕೆಯ ವಾದವನ್ನು ಒಪ್ಪಿತು. 119ನೇ ವಿಧಿ ಸರ್ಕಾರಕ್ಕೆ ಮಾತ್ರವಲ್ಲ, ಮಾಲೀಕನಿಗೂ ಅನ್ವಯ ಎಂದಿತು. ಜೊತೆಗೆ ಒಂದು ಷರತ್ತನ್ನೂ ಹಾಕಿತು: ಅದಕ್ಕೆ ಮುಂಚೆ ಕೋರ್ಟಿಗೆ ಬಂದವರನ್ನು ಬಿಟ್ಟು ಬೇರೆಯವರು ಹಿಂದಿನ ಬಾಕಿ ಕೇಳುವಂತಿಲ್ಲ. ಕಂಪನಿಗಳು ದಿವಾಳಿಯಾದಾವು ಎಂಬ ಸರ್ಕಾರಗಳ ಅಂಜಿಕೆಗೆ ನ್ಯಾಯಾಲಯ ಕಿವಿಗೊಟ್ಟಿತ್ತು.

ಬಾರ್ಬರೋಸಾನ ಹಳೆಯ ಶಾಸನವನ್ನು ನೆನಪಿಸುವ ತೀರ್ಪೂ ಒಂದಿದೆ. ಬೆಲ್ಜಿಯಂನ ಲಿಯೇಜ್ ನಗರದ ಕಲಾಶಾಲೆಗೆ ಚಿತ್ರಕಥೆಯ ಕಲೆ ಕಲಿಯಲು ಬಂದ ಫ್ರೆಂಚ್ ವಿದ್ಯಾರ್ಥಿನಿಯಿಂದ ವಿದೇಶಿಯಳೆಂದು ಹೆಚ್ಚುವರಿ ಶುಲ್ಕ ಕೇಳಲಾಯಿತು. ವೃತ್ತಿ ಶಿಕ್ಷಣದಲ್ಲಿ ಸದಸ್ಯ ದೇಶದ ಪ್ರಜೆಗೆ ಇಂಥ ತಾರತಮ್ಯ ಸಲ್ಲದು ಎಂದು 1985ರಲ್ಲಿ ತೀರ್ಪಾಯಿತು. ಎರಡು ವರ್ಷಗಳಲ್ಲಿ, 1987ರಲ್ಲಿ, ಸದಸ್ಯ ದೇಶಗಳ ವಿದ್ಯಾರ್ಥಿಗಳು ಬೇರೆ ದೇಶದಲ್ಲಿ ಸ್ವಲ್ಪ ಕಾಲ ಓದಲು ನೆರವಾಗುವ 'ಎರಾಸ್ಮಸ್' ಯೋಜನೆ ಆರಂಭವಾಯಿತು. ಕಾನೂನು ವಿದ್ಯಾರ್ಥಿಗಳು ಮತ್ತೆ ಗಡಿ ದಾಟತೊಡಗಿದರು.

ಕೊನೆಯ ಮಾತು ಯಾರದು?

ಎಲ್ಲರೂ ಇದನ್ನು ಸುಮ್ಮನೆ ಒಪ್ಪಿಕೊಂಡರೆಂದು ತಿಳಿಯಬಾರದು. ಇಟಲಿಯ ಸಂವಿಧಾನ ನ್ಯಾಯಾಲಯ ಪೂರ್ತಿ ಹೊಂದಿಕೊಳ್ಳಲು 1984ರವರೆಗೆ ಸಮಯ ತೆಗೆದುಕೊಂಡಿತು. ಜರ್ಮನಿಯ ಸಂವಿಧಾನ ನ್ಯಾಯಾಲಯ 1974ರಲ್ಲಿ ಒಂದು ತಕರಾರು ತೆಗೆಯಿತು. ನಮ್ಮ ಸಂವಿಧಾನದಷ್ಟು ಮೂಲಭೂತ ಹಕ್ಕುಗಳ ರಕ್ಷಣೆ ನಿಮ್ಮಲ್ಲಿ ಇಲ್ಲದಿರುವವರೆಗೆ ನಾವು ನಿಮ್ಮ ಕಾನೂನನ್ನು ಪರೀಕ್ಷಿಸುತ್ತೇವೆ ಎಂದಿತು. ಲಕ್ಸೆಂಬರ್ಗ್ ಹಕ್ಕುಗಳ ರಕ್ಷಣೆಯನ್ನು ಬಲಪಡಿಸಿದ ಮೇಲೆ 1986ರಲ್ಲಿ ಅದೇ ಜರ್ಮನ್ ನ್ಯಾಯಾಲಯ ಮಾತನ್ನು ತಿರುಗಿಸಿತು: ಆ ರಕ್ಷಣೆ ಇರುವವರೆಗೆ ನಾವು ಪರೀಕ್ಷಿಸುವುದಿಲ್ಲ. ಜಗಳದಿಂದ ಪ್ರಜೆಗೆ ಲಾಭವಾದ ಅಪರೂಪದ ಉದಾಹರಣೆ ಇದು.

ಇಂಗ್ಲೆಂಡಿನ ಕಥೆ ಬೇರೆ ದಾರಿ ಹಿಡಿಯಿತು. ಸ್ಪೇನಿನ ಮೀನುಗಾರಿಕಾ ದೋಣಿಗಳನ್ನು ದೂರವಿಡಲು ಬ್ರಿಟಿಷ್ ಸಂಸತ್ತು 1988ರಲ್ಲಿ ಮಾಡಿದ ಕಾಯಿದೆಯನ್ನು 1990ರಲ್ಲಿ ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವೇ ತಾತ್ಕಾಲಿಕವಾಗಿ ತಡೆಹಿಡಿಯಿತು. ಸಂಸತ್ತಿಗಿಂತ ಮೇಲೆ ಯಾರೂ ಇಲ್ಲ ಎಂದು ಓದಿದ ತಲೆಮಾರಿಗೆ ಅದು ಆಘಾತ. ಆ ಅಸಮಾಧಾನವೂ ಸೇರಿದಂತೆ ಹಲವು ಕಾರಣಗಳು ಕೂಡಿ 2016ರ ಜನಮತಗಣನೆಯಲ್ಲಿ ಹೊರಬಂದವು. 2020ರ ಜನವರಿ 31ರಂದು ಬ್ರಿಟನ್ ಒಕ್ಕೂಟವನ್ನು ಬಿಟ್ಟಿತು. 2021ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಸಂವಿಧಾನ ನ್ಯಾಯಮಂಡಳಿ ಒಕ್ಕೂಟದ ಕಾನೂನಿನ ಪ್ರಾಧಾನ್ಯವನ್ನೇ ಪ್ರಶ್ನಿಸಿತು. ಅಲ್ಲಿ ವಿವಾದದ ಮೂಲ ನ್ಯಾಯಾಧೀಶರ ಸ್ವಾತಂತ್ರ್ಯ ಎಂಬುದು ಗಮನಾರ್ಹ. ಸರ್ಕಾರದ ಹಿಡಿತಕ್ಕೆ ಸಿಕ್ಕ ನ್ಯಾಯಾಧೀಶ ಲಕ್ಸೆಂಬರ್ಗ್‌ಗೆ ಪ್ರಶ್ನೆ ಬರೆಯಲಾರ. ಪ್ರಶ್ನೆ ಬರುವುದು ನಿಂತರೆ ರಾಷ್ಟ್ರಾತೀತ ಕಾನೂನು ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ.

ದೇಶದ ಜನ ಆರಿಸಿದ ಸಂಸತ್ತಿಗಿಂತ ದೂರದ ನ್ಯಾಯಾಲಯ ದೊಡ್ಡದಾಗಬೇಕೇ ಎಂಬ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ಬಹುಮತದ ಬಲದಿಂದ ಸಂಸತ್ತು ಒಬ್ಬ ಗಗನಸಖಿಯ, ಒಬ್ಬ ಪರದೇಶಿ ವಿದ್ಯಾರ್ಥಿಯ ಹಕ್ಕನ್ನು ಮರೆತರೆ ಅವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯೂ ಅಷ್ಟೇ ನಿಜ. 27 ದೇಶಗಳ ಒಕ್ಕೂಟದ ಕಾನೂನು ವಿದ್ಯಾರ್ಥಿಗಳಿಗೆ ಈ ಎರಡು ಪ್ರಶ್ನೆಗಳನ್ನೂ ಪದವಿಯ ಆರಂಭದಲ್ಲೇ ಒಟ್ಟಿಗೆ ಎದುರಿಸುವ ಅವಕಾಶವಿದೆ. ಬೊಲೊನ್ಯಾದ ಕಾಲದಿಂದಲೂ ಗಡಿ ದಾಟಿದ ಕಾನೂನನ್ನು ಕಾಪಾಡಿದ್ದು ಕೋಟೆಕೊತ್ತಲಗಳಲ್ಲ. ಅದನ್ನು ಓದಿ, ಅರ್ಥಮಾಡಿಕೊಂಡು, ಊರಿನ ನ್ಯಾಯಪೀಠದಲ್ಲಿ ಕುಳಿತವರು. ಅವರು ಓದುವುದನ್ನು ಬಿಟ್ಟ ದಿನ ಅದನ್ನು ಉಳಿಸಲು ಬೇರೆ ಯಾರೂ ಇಲ್ಲ.